ನೊಗ ಕಂಡೊಡನೆ ಮಲಗುವ ಹೋರಿ: ಪಳಗಬೇಕಾದವರು ಯಾರು?

ಕಮಲಾಪುರ: ಬೆಳಗಿನ ಆರೂವರೆ ಗಂಟೆ. ತೊಗರಿ ಕಟಾವಾದ ಕರಿ ಹೊಲ. ನೊಗ ಇಟ್ಟಾಯಿತು, ಜತ್ತಿಗೆ ಬಿಗಿದಾಯಿತು, ಹಿಂದೆ ಕುಂಟೆ ಕಟ್ಟಿದ್ದಾಯಿತು. ಹುಡುಗ ಬಾರಕೋಲು ಎತ್ತಿ "ಹೈ" ಎಂದದ್ದೇ ತಡ, ಎಡಗಡೆಯ ಹೋರಿ ಮುಂಗಾಲು ಮಡಚಿತು. ಆಮೇಲೆ ಹಿಂಗಾಲು. ಒಂದು ದೊಡ್ಡ ಉಸಿರು ಬಿಟ್ಟು ಸಾಲಿನಲ್ಲಿಯೇ ಮಲಗಿಬಿಟ್ಟಿತು! ನೊಗ ವಾಲಿತು. ಬಲಗಡೆಯ ಹೋರಿ ಕುತ್ತಿಗೆ ತಿರುಚಿಕೊಂಡು ಬುಸುಗುಡುತ್ತ ನಿಂತಿತು. ಬದುವಿನ ಮೇಲೆ ಕುಳಿತ ನಾಲ್ಕು ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗದೇ ಇದ್ದವಳು ಒಬ್ಬಳೇ. ಆ ಹುಡುಗನ ತಾಯಿ. ಯಾಕೆಂದರೆ ಆ ಜೋಡಿ ಕೊಟ್ಟಿಗೆಗೆ ಬಂದದ್ದು ಆಕೆಯ ಕೈಯ ಪಾಟ್ಲಿ ಮಾರಿದ ದುಡ್ಡಿನಿಂದ.

ಊರಿನ ಹೆಸರು, ಹುಡುಗನ ಹೆಸರು ಇಲ್ಲಿ ಬೇಡ. ಬರೆದರೆ ಮತ್ತೆ ನಾಲ್ಕು ಮಂದಿ ನಗುತ್ತಾರೆ. ಆದರೆ ಕಮಲಾಪುರ ತಾಲೂಕಿನ ಯಾವ ಹಳ್ಳಿಗೆ ಹೋಗಿ ಕೇಳಿದರೂ ಇಂಥ ಒಂದು ಕಥೆ ಸಿಕ್ಕೇ ಸಿಗುತ್ತದೆ. ಎತ್ತು ಕಟ್ಟುವ ಆಸೆ ಇದೆ, ಎತ್ತು ಕಲಿಸುವ ವಿದ್ಯೆ ಇಲ್ಲ. ಆಸೆಗೂ ವಿದ್ಯೆಗೂ ನಡುವೆ ಸಿಕ್ಕು ನರಳುತ್ತಿರುವುದು ಬಾಯಿಲ್ಲದ ಹೋರಿ.

ಸೂಪರ್ ಮಾರ್ಕೆಟಿನಿಂದ ಕೊಟ್ಟಿಗೆಗೆ

ಹುಡುಗನಿಗೆ ಮೂವತ್ತರ ಹತ್ತಿರ ವಯಸ್ಸು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಮೊಬೈಲ್ ದುರಸ್ತಿ ಮಾಡುವ ಸಣ್ಣ ಅಂಗಡಿ ಇಟ್ಟವನು. ತಂದೆ ತೀರಿಕೊಂಡ ಮೇಲೆ ಊರಲ್ಲಿದ್ದ ಆರು ಎಕರೆ ಇವನ ಪಾಲಿಗೆ ಬಂತು. ತಂದೆ ಇದ್ದಾಗಲೇ ಎತ್ತು ಮಾರಿ ಟ್ರ್ಯಾಕ್ಟರ್ ಬಾಡಿಗೆಗೆ ಒಗ್ಗಿಕೊಂಡಿದ್ದರು. ಹೀಗಾಗಿ ಮಗ ನೇಗಿಲ ಹಿಡಿ ಮುಟ್ಟಿದವನೇ ಅಲ್ಲ.

ಹಾಗಾದರೆ ಎತ್ತು ಯಾಕೆ ಬೇಕಾಯಿತು? ಲೆಕ್ಕ ಸರಳ. ಮಳೆ ಬಿದ್ದ ಮರುದಿನ ಊರಿಗೆ ಊರೇ ಟ್ರ್ಯಾಕ್ಟರಿನ ಹಿಂದೆ ನಿಲ್ಲುತ್ತದೆ. ಸಣ್ಣ ಹೊಲದವನ ಪಾಳಿ ಕಡೆಗೆ. ಬಿತ್ತಿಗೆ ಹೇಗೋ ಆಯಿತೆನ್ನಿ. ತೊಗರಿ ಮೊಳಕಾಲೆತ್ತರ ಬಂದ ಮೇಲೆ ಸಾಲಿನ ನಡುವೆ ಎಡೆ ಹೊಡೆಯಬೇಕಲ್ಲ? ದೊಡ್ಡ ಟ್ರ್ಯಾಕ್ಟರ್ ಅಲ್ಲಿ ಇಳಿದರೆ ಕಳೆಯ ಜೊತೆ ಬೆಳೆಯೂ ಮಲಗುತ್ತದೆ. ಕರಿ ನೆಲ ಹಸಿ ಇದ್ದಾಗ ಗಾಲಿ ಹೂತುಕೊಳ್ಳುತ್ತದೆ, ಒಣಗಿದ ಮೇಲೆ ಕಲ್ಲಾಗುತ್ತದೆ. ನಡುವೆ ಹದ ಸಿಗುವುದು ನಾಲ್ಕೈದು ದಿನ. ಆ ನಾಲ್ಕು ದಿನ ಮನೆಯ ಎತ್ತು ಕೊಟ್ಟಿಗೆಯಲ್ಲಿದ್ದವನೇ ರಾಜ. ಮೇಲಾಗಿ ಗೊಬ್ಬರ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಕಲಬುರಗಿ ತೊಗರಿಬೇಳೆಗೂ ಸಿಕ್ಕಿದೆ. ಎರಡರ ಬುಡಕ್ಕೂ ಬೇಕಾದದ್ದು ತಿಪ್ಪೆಯ ಗೊಬ್ಬರ. ತಿಪ್ಪೆ ಬೇಕೆಂದರೆ ದನ ಬೇಕು.

ಹುಡುಗನ ಲೆಕ್ಕ ತಪ್ಪಿರಲಿಲ್ಲ. ತಪ್ಪಿದ್ದು ಒಂದೇ ಕಡೆ. ಕಲಿತ ಎತ್ತಿನ ಜೋಡಿಯ ಬೆಲೆ ಕೇಳಿ ಎದೆ ಒಡೆದುಕೊಂಡ. "ಹೋರಿ ತರೋಣ. ನಾನೇ ಕಲಿಸ್ತೀನಿ, ಮೊಬೈಲಿನಾಗ ಎಲ್ಲಾ ತೋರಸ್ತಾರ" ಎಂದು ತಾಯಿಗೆ ಹೇಳಿದ. ತಾಯಿ ಸುಮ್ಮನೆ ಪಾಟ್ಲಿ ಬಿಚ್ಚಿಕೊಟ್ಟಳು.

ಬಾಯಿ ನೋಡದೆ ತಂದ ಜೋಡಿ

ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ಗಡಿಯಾಚೆಯ ದನದ ಸಂತೆಗೆ ಹೋದ. ದಲಾಲಿ ಟವೆಲ್ ಮುಚ್ಚಿ ಬೆರಳು ಹಿಡಿದು ವ್ಯಾಪಾರ ಕುದುರಿಸಿದ. ಯಾವ ಬೆರಳಿಗೆ ಎಷ್ಟು ಎಂಬುದು ಹುಡುಗನಿಗೆ ಗೊತ್ತಿಲ್ಲ, ಆದರೂ ತಲೆ ಆಡಿಸಿದ. ಬಂದ ಜೋಡಿ ನೋಡಲು ಚೆಂದವೇ. ದೇವಣಿ ತಳಿ. ಲಾತೂರ ಜಿಲ್ಲೆಯ ದೇವಣಿ ಎಂಬ ಊರಿನಿಂದ ಹೆಸರು ಬಂದ, ಬೀದರ–ಕಲಬುರಗಿ ಕಡೆ ಮನೆಮಾತಾದ ದನ. ದೇವಣಿಯಲ್ಲಿ ಮೂರು ಬಗೆ. ಮೈ ಬಿಳಿ, ಮುಖದ ಬದಿ ಕಪ್ಪಾದರೆ ವಾನೇರಾ. ಮೈಯೆಲ್ಲ ಬಿಳಿಯಾದರೆ ಬಾಳಂಕ್ಯಾ. ಬಿಳಿಯ ಮೇಲೆ ಅಲ್ಲಲ್ಲಿ ಕರಿ ಮಚ್ಚೆ ಇದ್ದರೆ ಶೇವರಾ. ಹುಡುಗ ತಂದದ್ದು ಒಂದು ವಾನೇರಾ, ಒಂದು ಬಾಳಂಕ್ಯಾ. ಮುಖ ಕರಿಯದಕ್ಕೆ ರಾಮ, ಬಿಳಿಯದಕ್ಕೆ ಲಕ್ಷ್ಮಣ ಎಂದು ಹೆಸರಿಟ್ಟ.

ಸಂತೆಯಲ್ಲಿ ಸುಳಿ ನೋಡಿದ್ದ. ಬೆನ್ನ ಮೇಲಿನ ಸುಳಿ ಒಳ್ಳೆಯದೋ, ಹಣೆಯ ಸುಳಿ ಕೆಟ್ಟದ್ದೋ ಎಂದು ಹತ್ತು ಮಂದಿಯನ್ನು ಕೇಳಿದ್ದ. ಹಲ್ಲು ಮಾತ್ರ ನೋಡಿರಲಿಲ್ಲ! ದನಕ್ಕೆ ಮೇಲಿನ ದವಡೆಯ ಮುಂದೆ ಹಲ್ಲೇ ಇಲ್ಲ. ನೋಡಬೇಕಾದದ್ದು ಕೆಳಗಿನ ಎಂಟು. ಹಾಲುಹಲ್ಲು ಬಿದ್ದು ಮೊದಲ ಎರಡು ದೊಡ್ಡ ಹಲ್ಲು ಬರುವುದು ಎರಡು ವರ್ಷದ ಆಸುಪಾಸು. ನಾಲ್ಕು ಹಲ್ಲಾದರೆ ಮೂರರ ಹತ್ತಿರ. ಎಂಟೂ ಬಂದು ಬಾಯಿ ಕೂಡಬೇಕಾದರೆ ನಾಲ್ಕೂವರೆ, ಐದು ವರ್ಷ. ನೊಗದ ಕೆಲಸ ಶುರು ಮಾಡಬೇಕಾದದ್ದು ಎರಡೂವರೆ–ಮೂರು ವರ್ಷಕ್ಕೆ, ಅದೂ ಹಗುರವಾಗಿ. "ಎರಡೂ ನಾಲ್ಕು ಹಲ್ಲಿನವು" ಎಂದು ದಲಾಲಿ ಹೇಳಿದ್ದ. ಊರಿಗೆ ತಂದ ಮೇಲೆ ಬಾಯಿ ತೆರೆದು ನೋಡಿದರೆ ರಾಮನಿಗೆ ನಾಲ್ಕು, ಲಕ್ಷ್ಮಣನಿಗೆ ಎರಡೇ. ಅದರಲ್ಲೂ ಒಂದು ಆಗಷ್ಟೇ ಒಸಡು ಸೀಳಿ ಹೊರಗೆ ಬರುತ್ತಿತ್ತು.

ಅಂದರೆ ಒಬ್ಬ ಪ್ರಾಯದ ಹುಡುಗ, ಒಬ್ಬ ಕನ್ನಡ ಶಾಲೆಗೆ ಹೋಗುವ ಮಗು. ಇಬ್ಬರ ಹೆಗಲ ಮೇಲೂ ಒಂದೇ ನೊಗ. ಎತ್ತರದಲ್ಲಿ ನಾಲ್ಕು ಬೆರಳು ವ್ಯತ್ಯಾಸ. ನೊಗ ಎತ್ತರದವನ ಕಡೆಯಿಂದ ಗಿಡ್ಡನ ಕಡೆಗೆ ಇಳಿಯುತ್ತದೆ, ಭಾರವೆಲ್ಲ ಗಿಡ್ಡನ ಮೇಲೆ ಬೀಳುತ್ತದೆ. ಮುಂದೆ ನಡೆದ ಫಜೀತಿಯ ಬೀಜ ಇಲ್ಲಿಯೇ ಬಿದ್ದಿತ್ತು.

ಇನ್ನೊಂದು ಕೆಲಸವೂ ಉಳಿದಿತ್ತು. ರಾಮನಿಗೆ ಬೀಜ ಒಡೆಸಿರಲಿಲ್ಲ. ಪಶು ಆಸ್ಪತ್ರೆಯಲ್ಲಿ ಬರ್ಡಿಝೊ ಎಂಬ ಇಕ್ಕಳದಿಂದ ಚರ್ಮ ಸೀಳದೆ, ರಕ್ತ ಬೀಳದೆ ನಿಮಿಷದಲ್ಲಿ ಮುಗಿಸುತ್ತಾರೆ. ಆದರೆ ಬಾವು ಇಳಿಯುವವರೆಗೆ ಹೋರಿಗೆ ವಿಶ್ರಾಂತಿ ಬೇಕು. ಲಕ್ಷ್ಮಣನ ಮೂಗುದಾಣದ ತೂತು ಇನ್ನೂ ಹಸಿ ಇತ್ತು. ಅದು ಮಾಯಬೇಕಾದರೆ ಎರಡು ಮೂರು ವಾರ. ಹಸಿ ಮೂಗಿನಲ್ಲಿ ಹಗ್ಗ ಜಗ್ಗಿದರೆ ಆಮೇಲೆ ಜನ್ಮವಿಡೀ ಅದು ಹಗ್ಗ ಕಂಡರೆ ತಲೆ ಒಗೆಯುತ್ತದೆ. ಹುಡುಗನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅಂಗಡಿ ಮುಚ್ಚಿ ಬಂದಿದ್ದ.

ಶನಿವಾರ–ಭಾನುವಾರದ ಒಕ್ಕಲುತನ

ಕಲಬುರಗಿಯಿಂದ ಮಹಾಗಾಂವ ಕ್ರಾಸ್ ದಾಟಿ ಕಮಲಾಪುರಕ್ಕೆ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ಹುಡುಗ ಶನಿವಾರ ಸಂಜೆ ಬರುವುದು, ಭಾನುವಾರ ಹೋರಿ ಕಟ್ಟುವುದು, ಸೋಮವಾರ ಬೆಳಿಗ್ಗೆ ಅಂಗಡಿಗೆ ಓಡುವುದು. ಹೋರಿಗೆ ಭಾನುವಾರ ಗೊತ್ತಿಲ್ಲ. ದಿನಕ್ಕೆ ಅರ್ಧ ತಾಸಿನಂತೆ ವಾರವಿಡೀ ಕಲಿಸಿದರೆ ಅದಕ್ಕೆ ತಿಳಿಯುತ್ತದೆ. ಆರು ದಿನ ಗೋದಲಿಯ ಮುಂದೆ ನಿಲ್ಲಿಸಿ ಏಳನೆಯ ದಿನ ಆರು ತಾಸು ದುಡಿಸಿದರೆ ತಿಳಿಯುವುದು ಒಂದೇ: ಈ ಮನುಷ್ಯ ಬಂದ ದಿನ ನೋವು ಬರುತ್ತದೆ!

ಮೂರನೆಯ ಭಾನುವಾರ ಲಕ್ಷ್ಮಣ ಮೊದಲ ಸಲ ಮಲಗಿತು. ಬಿಸಿಲು ಏರಿತ್ತು, ಹೆಗಲು ಬಾತಿತ್ತು. ಹುಡುಗ ಹೆದರಿದ. ಪಾಪ ಎನ್ನಿಸಿತು. ಓಡಿ ಹೋಗಿ ಜತ್ತಿಗೆ ಬಿಚ್ಚಿದ, ನೊಗ ಇಳಿಸಿದ, ನೀರು ಕುಡಿಸಿದ, ಒಂದು ಹಿಡಿ ಹಿಂಡಿ ಬಾಯಿಗಿಟ್ಟ.

ಹೋರಿ ಪಾಠ ಕಲಿತಿತು. ಮಲಗಿದರೆ ನೊಗ ಇಳಿಯುತ್ತದೆ, ಹಿಂಡಿ ಸಿಗುತ್ತದೆ.

ಮುಂದಿನ ಭಾನುವಾರ ಅರ್ಧ ತಾಸಿಗೆ ಮಲಗಿತು. ಅದರ ಮುಂದಿನ ವಾರ ಹತ್ತು ನಿಮಿಷಕ್ಕೆ. ಆಮೇಲೆ ನೊಗ ಎತ್ತಿಕೊಂಡು ಬರುವುದು ಕಂಡರೇ ಸಾಕು, ಮುಂಗಾಲು ಮಡಚತೊಡಗಿತು. ಈಗ ಹುಡುಗನಿಗೆ ಸಿಟ್ಟು ಬಂತು. ಬಾರಕೋಲು ಬೀಸಿದ. ಬದುವಿನ ಮೇಲಿನ ಮಂದಿ ಪುಕ್ಕಟೆ ಸಲಹೆ ಕೊಟ್ಟರು. ಒಬ್ಬ ಬಾಲ ತಿರುವು ಅಂದ. ಇನ್ನೊಬ್ಬ ಮೂಗಿನ ಹೊರಳೆ ಮುಚ್ಚು ಅಂದ. ಮತ್ತೊಬ್ಬ ಹೊಟ್ಟೆ ಕೆಳಗೆ ಕಣಿಕೆಗೆ ಬೆಂಕಿ ಹಚ್ಚು ಅಂದ! ಹುಡುಗ ಬಾಲ ತಿರುವಿದ. ಹೋರಿ ನರಳಿತು, ಏಳಲಿಲ್ಲ. ಕಣ್ಣು ಮುಚ್ಚಿ ಕಲ್ಲಿನ ಹಾಗೆ ಬಿದ್ದುಕೊಂಡಿತು.

ಮಲಗುವ ಚಾಳಿ ಬಿದ್ದ ಹೋರಿಗೆ ಸಂತೆಯಲ್ಲಿ ಬೆಲೆ ಇಲ್ಲ. ಗೊತ್ತಿದ್ದವರು ಕೊಳ್ಳುವುದಿಲ್ಲ. ಗೊತ್ತಿಲ್ಲದವರಿಗೆ ಮುಚ್ಚಿಟ್ಟು ಮಾರಿದರೆ ಅವರ ಮನೆಯ ಪಾಟ್ಲಿ ಹೋಗುತ್ತದೆ. ಹುಡುಗ ಆ ರಾತ್ರಿ ಉಣ್ಣಲಿಲ್ಲ. ತಾಯಿಯೂ ಉಣ್ಣಲಿಲ್ಲ.

ಅಮೆರಿಕದ ಲಾಮಾಕ್ಕೂ ಇದೇ ಗೋಳು

ಇದು ನಮ್ಮ ಹೋರಿಯ ಕಥೆ ಮಾತ್ರವಲ್ಲ ಎಂಬುದು ಓದುಗರಿಗೆ ತಿಳಿದಿರಲಿ. ದಕ್ಷಿಣ ಅಮೆರಿಕದ ಪೆರು, ಬೊಲಿವಿಯಾ ದೇಶಗಳ ಆಂಡಿಸ್ ಬೆಟ್ಟಗಳಲ್ಲಿ ಲಾಮಾ ಎಂಬ ಪ್ರಾಣಿ ಇದೆ. ಒಂಟೆಯ ಕುಲ, ಆದರೆ ಡುಬ್ಬವಿಲ್ಲ. ಸಾವಿರಾರು ವರ್ಷಗಳಿಂದ ಅಲ್ಲಿಯ ಮಂದಿ ಅದರ ಬೆನ್ನ ಮೇಲೆ ಹೇರು ಹಾಕಿ ಬೆಟ್ಟ ಹತ್ತಿಸುತ್ತ ಬಂದಿದ್ದಾರೆ. ಇಪ್ಪತ್ತೈದು, ಮೂವತ್ತು ಕೆ.ಜಿ. ಹೊರುತ್ತದೆ. ಅದಕ್ಕಿಂತ ಹೆಚ್ಚು ಹೇರಿದರೆ? ನಮ್ಮ ಲಕ್ಷ್ಮಣನ ಹಾಗೆಯೇ ಕಾಲು ಮಡಚಿ ಕೂತುಬಿಡುತ್ತದೆ. ಬಲವಂತ ಮಾಡಿದರೆ ಮುಖದ ಮೇಲೆ ಉಗುಳುತ್ತದೆ. ಹೇರು ಇಳಿಸುವವರೆಗೆ ಏಳುವುದಿಲ್ಲ.

ಈಗ ಅಮೆರಿಕ, ಯುರೋಪಿನಲ್ಲಿ ಹವ್ಯಾಸಕ್ಕೆ ಲಾಮಾ ಸಾಕುವವರಿದ್ದಾರೆ. ಅವರು ಮಾಡುವ ದೊಡ್ಡ ತಪ್ಪು ಯಾವುದು ಗೊತ್ತೇ? ಗಂಡು ಮರಿಯನ್ನು ತಾಯಿಯಿಂದ ಬಿಡಿಸಿ, ಒಂಟಿಯಾಗಿಟ್ಟು, ಬಾಟಲಿ ಹಾಲು ಕುಡಿಸಿ ಮುದ್ದಿನಿಂದ ಬೆಳೆಸುವುದು. ಮರಿ ಮನುಷ್ಯನನ್ನೇ ತನ್ನ ಜಾತಿ ಎಂದು ತಿಳಿಯುತ್ತದೆ. ಪ್ರಾಯಕ್ಕೆ ಬಂದ ಮೇಲೆ ಇನ್ನೊಂದು ಗಂಡಿನ ಮೇಲೆ ಬೀಳುವ ಹಾಗೆ ಸಾಕಿದವನ ಎದೆಯ ಮೇಲೆಯೇ ಬೀಳುತ್ತದೆ. ನಮ್ಮಲ್ಲಿ ಮನೆಯ ಮಕ್ಕಳು ಹಣೆಗೆ ಹಣೆ ಹಚ್ಚಿ ಡಿಕ್ಕಿ ಆಟ ಆಡಿಸಿದ ಕರು ಹೋರಿಯಾದ ಮೇಲೆ ಹಾಯುವುದಿಲ್ಲವೇ? ಅದೇ ಇದು. ಆಡಿಸಿದವರು ಮರೆಯುತ್ತಾರೆ, ಹೋರಿ ಮರೆಯುವುದಿಲ್ಲ.

ಅಂದರೆ ಮುದ್ದೂ ಕಲಿಸುತ್ತದೆ, ಬಡಿತವೂ ಕಲಿಸುತ್ತದೆ. ಏನು ಕಲಿಸುತ್ತಿದ್ದೇವೆ ಎಂಬುದು ಕಲಿಸುವವನಿಗೆ ಗೊತ್ತಿರಬೇಕು, ಅಷ್ಟೇ.

ಕಾಕಾನ ಮನೆಯ ಒಂಟಿ ಎತ್ತು

ಆ ಊರಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಹಿರಿಯರಿದ್ದಾರೆ. ಊರಿಗೆಲ್ಲ ಕಾಕಾ. ಅವರ ಕೊಟ್ಟಿಗೆಯಲ್ಲಿ ಬಸವ ಎಂಬ ಮುದಿ ಎತ್ತು. ಅದರ ಜೋಡಿ ಸತ್ತು ಎರಡು ವರ್ಷವಾಗಿತ್ತು. ಮಕ್ಕಳು ಟ್ರ್ಯಾಕ್ಟರ್ ತಂದರೂ ಕಾಕಾ ಎತ್ತು ಮಾರಲಿಲ್ಲ. ದಿನಾ ಮೈ ತಿಕ್ಕಿ ಗೋದಲಿಗೆ ಕಣಿಕೆ ಹಾಕುವುದು ಅವರ ಕೆಲಸ.

ಹುಡುಗ ಹೋಗಿ ಕಟ್ಟೆಯ ಮೇಲೆ ಕುಳಿತ.

"ಕಾಕಾ, ನನ್ನ ಹೋರಿ ಕೆಟ್ಟು ಹೋಗ್ಯಾದ್ರಿ. ಏನರೆ ಮಾಡ್ರಿ."

ಕಾಕಾ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು: "ಹೋರಿ ಕೆಟ್ಟದೋ ತಮ್ಮಾ, ನೀ ಕೆಡಿಸಿದ್ಯೋ?"

ಹುಡುಗ ತಲೆ ತಗ್ಗಿಸಿದ.

"ಮಲಗಿದಾಗ ಏನ್ ಮಾಡ್ದಿ?"

"ಮೊದಲ ನೊಗ ಬಿಚ್ಚಿದ್ಯಾ. ಆಮ್ಯಾಲ ಬಡದ್ಯಾ."

"ಹಂಗಾರ ಅದಕ್ಕ ಯಾವುದು ಖರೆ ಅಂತ ತಿಳಿಬೇಕು? ಮಂದ್ಯಾಗಿನ ಮಗಾ ಆದ್ರ ಬಾಯಿ ಬಿಟ್ಟು ಕೇಳ್ತಿತ್ತು. ಅದು ಮಲಗಿ ಕೇಳ್ಲಕತ್ತದ."

ಕಾಕಾ ಎದ್ದು ಬಸವನ ಹಗ್ಗ ಬಿಚ್ಚಿದರು. ಶರತ್ತು ಎರಡು. ಒಂದು, ಮಿರಗ ಬರುವವರೆಗೆ ಅಂಗಡಿ ಮುಚ್ಚಿ ಊರಲ್ಲಿಯೇ ಇರಬೇಕು, ಇಲ್ಲವಾದರೆ ದಿನಾ ಬೆಳಗಿನ ಕೆಲಸ ಮುಗಿಸಿ ಬಸ್ ಹತ್ತಬೇಕು. ಎರಡು, ಹದಿನೈದು ದಿನ ಲಕ್ಷ್ಮಣನ ಹೆಗಲಿಗೆ ನೊಗ ಮುಟ್ಟಿಸಬಾರದು.

ಹಿಂದೆ ನಮ್ಮಲ್ಲಿ ಹೋರಿ ಕಲಿಸುತ್ತಿದ್ದದ್ದು ಹೀಗೆಯೇ. ಕಲಿಸುತ್ತಿದ್ದವನು ಮನುಷ್ಯನಲ್ಲ, ಹಳೆಯ ಎತ್ತು. ಅದರ ಪಕ್ಕ ಕಟ್ಟಿದರೆ ಸಾಕು. ಹಳೆಯದು ನಿಂತರೆ ಹೊಸದೂ ನಿಲ್ಲುತ್ತದೆ, ಹಳೆಯದು ತಿರುಗಿದರೆ ಹೊಸದೂ ತಿರುಗುತ್ತದೆ. ಬಸ್ಸು, ಟ್ರ್ಯಾಕ್ಟರ್ ಎದುರು ಬಂದಾಗ ಹಳೆಯದು ಬೆದರದಿದ್ದರೆ ಹೊಸದಕ್ಕೂ ಧೈರ್ಯ. ಈಗ ಊರಿನಲ್ಲಿ ಹೊಸ ಹೋರಿ ತರುವವರು ಇದ್ದರೂ ಆ ಮಾಸ್ತರ ಎತ್ತುಗಳೇ ಇಲ್ಲ. ಎಲ್ಲರೂ ಮಾರಿಕೊಂಡು ಕುಳಿತಿದ್ದಾರೆ. ಶಾಲೆ ಇದೆ, ಮಕ್ಕಳಿದ್ದಾರೆ, ಮಾಸ್ತರರಿಲ್ಲ!

ಕಾಕಾನ ಪಾಠಪಟ್ಟಿ

ಮೊದಲ ಹದಿನೈದು ದಿನ ನೊಗವಿಲ್ಲ. ಬೆಳಿಗ್ಗೆ ಸಂಜೆ ಮೈ ತಿಕ್ಕುವುದು, ಕಿವಿ, ಕಾಲು, ಗೊರಸು ಮುಟ್ಟುವುದು. ಹೆಗಲ ಬಾವಿಗೆ ಪಶುವೈದ್ಯರು ಕೊಟ್ಟ ಮುಲಾಮು. ಹಗ್ಗ ಹಿಡಿದು ಊರ ದಾರಿಯಲ್ಲಿ ನಡೆಸುವುದು. ನಡೆಸುವಾಗ ಪೂರ್ತಿ ಹಿಂದೆ ನಿಲ್ಲಬಾರದು. ದನದ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಸುತ್ತಲೂ ಬಹುಮಟ್ಟಿಗೆ ಕಾಣುತ್ತದೆ, ಆದರೆ ಬಾಲದ ನೇರ ಹಿಂದೆ ಕಾಣುವುದಿಲ್ಲ. ಕಾಣದ ಕಡೆಯಿಂದ ಸಪ್ಪಳ ಬಂದರೆ ಅದು ಒದೆಯುತ್ತದೆ, ಇಲ್ಲ ಓಡುತ್ತದೆ. ಭುಜದ ಹಿಂದೆ, ಸ್ವಲ್ಪ ಬದಿಗೆ ನಿಂತರೆ ಮುಂದೆ ನಡೆಯುತ್ತದೆ. ಭುಜದ ಮುಂದೆ ಬಂದರೆ ನಿಲ್ಲುತ್ತದೆ. ಇದಕ್ಕೆ ಬಾರಕೋಲು ಬೇಡ, ನಿಲ್ಲುವ ಜಾಗ ಗೊತ್ತಿದ್ದರೆ ಸಾಕು.

ಎರಡನೆಯದು ಮಾತು. ನಡೆಯಲು ಒಂದು ಮಾತು, ನಿಲ್ಲಲು ಒಂದು, ತಿರುಗಲು ಒಂದು. ದಿನಕ್ಕೊಂದು ಮಾತು ಬದಲಿಸಿದರೆ ಹೋರಿ ಯಾವುದನ್ನೂ ಕೇಳುವುದಿಲ್ಲ. ಹುಡುಗ ಮೊದಲು "ಹೈ, ನಡಿ, ಚಲೋ, ಏಯ್, ಹೊಂಡು" ಎಂದು ಐದು ಮಾತು ಒದರುತ್ತಿದ್ದ. ಕಾಕಾ ನಾಲ್ಕನ್ನು ಕಿತ್ತು ಹಾಕಿದರು. ಒದರುವುದೂ ಬಂದಾಯಿತು. ದನದ ಕಿವಿ ನಮಗಿಂತ ಚುರುಕು, ಮೆಲ್ಲಗೆ ಅಂದರೂ ಕೇಳುತ್ತದೆ.

ಮೂರನೆಯದು ದಿಮ್ಮಿ. ಮೊದಲು ರಾಮನನ್ನು ಬಸವನ ಜೊತೆ ಬರಿ ನೊಗಕ್ಕೆ ಕಟ್ಟಿ ನಡೆಸಿದರು. ಆಮೇಲೆ ಹಿಂದೆ ಒಂದು ಸಣ್ಣ ಕಟ್ಟಿಗೆಯ ದಿಮ್ಮಿ. ನೆಲಕ್ಕೆ ಉಜ್ಜುವ ಸಪ್ಪಳಕ್ಕೆ ಕಿವಿ ಹೊಂದಿದ ಮೇಲೆ ಬರಿ ಬಂಡಿ. ಬಂಡಿಯ ನಂತರ ಕುಂಟೆ. ಕೂರಿಗೆ ಕಡೆಗೆ, ಯಾಕೆಂದರೆ ಸಾಲು ನೆಟ್ಟಗಿರಬೇಕು. ವಾರದೊಳಗೆ ರಾಮ ದಿಮ್ಮಿ ಎಳೆದಿತು, ತಿಂಗಳಿಗೆ ಬಂಡಿ ಹೂಡಿತು. ಡಾಂಬರಿನ ಮೇಲೆ ಹೋಗುವ ಮೊದಲು ಗೊರಸಿಗೆ ನಾಲು ಕಟ್ಟಿಸಿದರು.

ಆಮೇಲೆ ಲಕ್ಷ್ಮಣನ ಪಾಳಿ. ಬಸವನ ಪಕ್ಕ ನಿಲ್ಲಿಸಿ ಹಗುರಾದ ನೊಗ ಇಟ್ಟರು. ನೊಗಕ್ಕೆ ಹಳೆಯ ಗೋಣಿಚೀಲ ಸುತ್ತಿದ್ದರು. ಇಟ್ಟದ್ದೇ ತಡ, ಮಲಗಿತು.

ಹುಡುಗ ಮುಂದೆ ಹೋದ. ಕಾಕಾ ಕೈ ಹಿಡಿದು ನಿಲ್ಲಿಸಿದರು. "ಮುಟ್ಟಬ್ಯಾಡ. ಬಡಿಬ್ಯಾಡ. ಬಿಚ್ಚಬ್ಯಾಡ. ಸುಮ್ ಕೂಡು." ತಲೆ ತಿರುಚದಂತೆ ಜತ್ತಿಗೆ ಮಾತ್ರ ಸಡಿಲ ಮಾಡಿ ಇಬ್ಬರೂ ಬೇವಿನ ನೆರಳಲ್ಲಿ ಕುಳಿತರು. ಬಸವ ಮೆಲುಕು ಹಾಕುತ್ತ ನಿಂತೇ ಇತ್ತು. ಬೈಯುವವರಿಲ್ಲ, ನಗುವವರಿಲ್ಲ. ಮಂದಿ ಸೇರದಿರಲಿ ಎಂದೇ ಕಾಕಾ ಊರು ಏಳುವ ಮೊದಲು ಕರೆದುಕೊಂಡು ಬಂದಿದ್ದರು. ಲಕ್ಷ್ಮಣ ಕಣ್ಣು ತೆರೆಯಿತು, ಕಿವಿ ತಿರುಗಿಸಿತು. ಇಪ್ಪತ್ತು ನಿಮಿಷ ಕಳೆದಿರಬೇಕು. ತಾನಾಗಿ ಎದ್ದು ನಿಂತಿತು.

ಎದ್ದ ಕೂಡಲೇ ಕಾಕಾ ಎರಡು ಹೆಜ್ಜೆ ನಡೆಸಿದರು. ಎರಡೇ ಹೆಜ್ಜೆ. ನಿಲ್ಲಿಸಿ ನೊಗ ಇಳಿಸಿದರು. ಹಿಂಡಿ ಕೊಟ್ಟರು.

"ಇಷ್ಟಕ್ಕ ಮುಗೀತಾ ಕಾಕಾ?"

"ಇವತ್ತಿಂದು ಮುಗೀತು. ಮಲಗಿದ್ರ ಇಳಿಯಂಗಿಲ್ಲ, ನಡದ್ರ ಇಳೀತದ. ಇದು ಅದರ ತಲ್ಯಾಗ ಹೋಗಬೇಕು."

ಮರುದಿನ ಐದು ಹೆಜ್ಜೆ. ಅದರ ಮರುದಿನ ಹತ್ತು. ಮಲಗುವ ಮೊದಲೇ ನಿಲ್ಲಿಸುವುದು, ಇದೇ ಗುಟ್ಟು. ಒಂದು ವಾರ ಎಲ್ಲ ಚೆನ್ನಾಗಿ ನಡೆಯಿತು. ಎಂಟನೆಯ ದಿನ ಮತ್ತೆ ಮಲಗಿತು. ಮತ್ತೆ ಬೇವಿನ ನೆರಳು. ಹುಡುಗ ಆ ದಿನ ಹನ್ನೊಂದು ಗಂಟೆಗೆ ಅಂಗಡಿಗೆ ಹೋದ. ಗಿರಾಕಿಗಳು ಬೈದರು. ಬೈಗುಳ ತಿಂದ.

ಕಾಯಿದೆ ಏನೆನ್ನುತ್ತದೆ?

ಎತ್ತು ದುಡಿಸುವವರಿಗೂ ಕಾಯಿದೆ ಇದೆ ಎಂಬುದು ನಮ್ಮ ರೈತ ಬಾಂಧವರಲ್ಲಿ ಎಷ್ಟು ಮಂದಿಗೆ ಗೊತ್ತು? ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ 1960ರಲ್ಲಿಯೇ ಬಂತು. ಅದರ ಕೆಳಗೆ ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಗಳ ನಿಯಮಗಳು 1965ರಲ್ಲಿ ಬಂದವು. ದಿನಕ್ಕೆ ಒಟ್ಟು ಒಂಬತ್ತು ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ವಿಶ್ರಾಂತಿ ಇಲ್ಲದೆ ಒಂದೇ ಸಮನೆ ಐದು ತಾಸಿಗಿಂತ ಹೆಚ್ಚು ಎಳೆಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಕಟ್ಟುವಂತಿಲ್ಲ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ದಾಟುತ್ತದೆ. ಅಂದರೆ ನಮ್ಮ ಬೇಸಿಗೆಯಲ್ಲಿ ಆ ಮೂರು ತಾಸು ಎತ್ತಿಗೆ ಸರಕಾರಿ ರಜೆ! ಕೊಡುವವರು ಯಾರು?

ಬೆನ್ನ ಮೇಲೆ ಹೇರುವುದಕ್ಕೂ ಮಿತಿ ಇದೆ. ಸಣ್ಣ ಎತ್ತಿಗೆ 100 ಕೆ.ಜಿ., ಮಧ್ಯಮಕ್ಕೆ 150, ದೊಡ್ಡದಕ್ಕೆ 175. ಒಂಟೆಗೆ 250, ಕತ್ತೆಗೆ 50. ಇನ್ನು ಕ್ರೌರ್ಯಕ್ಕೆ ಕಾಯಿದೆಯಲ್ಲಿ ಬರೆದ ದಂಡ ಮೊದಲ ತಪ್ಪಿಗೆ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಇವತ್ತು ಕಲಬುರಗಿಯ ಬಸ್ ನಿಲ್ದಾಣದಲ್ಲಿ ಹತ್ತು ರೂಪಾಯಿಗೆ ಒಂದು ಕಪ್ ಚಹಾ. ಬಾಲ ಮುರಿದವನಿಗೆ ಒಂದು ಕಪ್ ಚಹಾದಷ್ಟು ಶಿಕ್ಷೆ ಎಂದರೆ ಹೆದರುವವರು ಯಾರು?

ಹಾಗೆಂದು ಎಲ್ಲ ತಪ್ಪನ್ನೂ ರೈತನ ತಲೆಗೆ ಕಟ್ಟುವುದು ಸರಿಯಲ್ಲ. ಬಡಿಯುವವರಲ್ಲಿ ಹೆಚ್ಚಿನವರು ಕ್ರೂರಿಗಳಲ್ಲ. ಮಳೆ ತಲೆಯ ಮೇಲಿದೆ, ಸಾಲ ಬೆನ್ನ ಮೇಲಿದೆ, ಮುಂದೆ ಹೋರಿ ಮಲಗಿದೆ. ಬೇರೆ ದಾರಿ ಗೊತ್ತಿಲ್ಲದವನ ಕೈ ಬಾರಕೋಲಿಗೇ ಹೋಗುತ್ತದೆ.

ಮಿರಗದ ಮಳೆ

ಕಾರಹುಣ್ಣಿಮೆ ಬಂತು. ರಾಮನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಲಕ್ಷ್ಮಣನಿಗೂ ಅಷ್ಟೇ ಬಣ್ಣ. "ದುಡೀಲಿ ಬಿಡಲಿ, ಮನ್ಯಾಗಿನ ಮಗಾ" ಎಂದು ತಾಯಿ ಎರಡಕ್ಕೂ ಹೋಳಿಗೆ ತಿನ್ನಿಸಿದಳು.

ಮಿರಗದ ಮಳೆ ಹಿಡಿಯಿತು. ಹದ ಬಂತು. ಲಕ್ಷ್ಮಣ ಬರಿ ಬಂಡಿ ಎಳೆಯುವಷ್ಟಕ್ಕೆ ಬಂದಿತ್ತು, ಕೂರಿಗೆಗೆ ಇನ್ನೂ ಹೊಂದಿರಲಿಲ್ಲ. ಹೀಗಾಗಿ ಆರು ಎಕರೆ ತೊಗರಿಗೆ ಕೂರಿಗೆ ಎಳೆದದ್ದು ರಾಮ ಮತ್ತು ಕಾಕಾನ ಬಸವ. ಮುದಿ ಎತ್ತು ಮೊದಲ ಸಾಲಿಗೆ ತಡವರಿಸಿತು, ಎರಡನೆಯ ಸಾಲಿನಿಂದ ತನ್ನ ಹಳೆಯ ನಡಿಗೆ ಹಿಡಿಯಿತು. ಬಿತ್ತುವ ಮೂರೂ ದಿನ ಕಾಕಾ ಬದುವಿನ ಮೇಲೆ ನಿಂತು ನೋಡಿದರು. ಲಕ್ಷ್ಮಣನನ್ನೂ ಬದುವಿನ ಮೇಲೆಯೇ ಕಟ್ಟಿದ್ದರು, ನೋಡಿ ಕಲಿಯಲಿ ಎಂದು.

ಎಡೆ ಹೊಡೆಯುವ ಹೊತ್ತಿಗೆ ಲಕ್ಷ್ಮಣನನ್ನು ಹೂಡಿದರು. ಈ ಸಲ ರಾಮನ ಜೊತೆ. ಹುಡುಗನ ಎದೆ ಡವಗುಟ್ಟುತ್ತಿತ್ತು. ಎರಡು ಸಾಲು ನಡೆಯಿತು, ನಾಲ್ಕು ನಡೆಯಿತು. ಐದನೆಯ ಸಾಲಿನ ನಡುವೆ ನಿಂತು ಮುಂಗಾಲು ಸಡಿಲಿಸಿತು. ಹುಡುಗ ಬಾರಕೋಲು ಕೆಳಗಿಟ್ಟ. ಮುಂದೆ ಬಂದು ಸುಮ್ಮನೆ ನಿಂತ. ಹೋರಿ ಅವನನ್ನು ನೋಡಿತು. ಕಾಲು ಮಡಚಲಿಲ್ಲ. ಆ ದಿನ ಎಂಟು ಸಾಲು ಆಯಿತು. ಎಂಟೇ ಸಾಲು. ಬದುವಿನ ಮೇಲೆ ನಗುವವರು ಯಾರೂ ಇರಲಿಲ್ಲ, ಅವರೆಲ್ಲ ತಮ್ಮ ಹೊಲದ ಕಳೆ ನೋಡುತ್ತ ಬಾಡಿಗೆ ಎತ್ತು ಎಲ್ಲಿ ಸಿಗುತ್ತದೆ ಎಂದು ಕೇಳುತ್ತ ಅಲೆಯುತ್ತಿದ್ದರು.

ಪಾಟ್ಲಿ ಇನ್ನೂ ತಾಯಿಯ ಕೈಗೆ ಬಂದಿಲ್ಲ. ಬರುವುದಕ್ಕೆ ಎರಡು ಸುಗ್ಗಿ ಬೇಕಾದೀತು. ಕಾಕಾನಿಗೆ ಹುಡುಗ ಎರಡು ಬಂಡಿ ಕಣಿಕೆ ಹಾಕಿಸಿದ್ದಾನೆ. ಬಸವ ಮತ್ತೆ ತನ್ನ ಕೊಟ್ಟಿಗೆಗೆ ಹೋಗಿದೆ.

ಸಂಬಂಧಪಟ್ಟವರು ಕೇಳಿಸಿಕೊಳ್ಳುವರೇ?

ಟ್ರ್ಯಾಕ್ಟರಿಗೆ ಸಾಲ ಇದೆ, ಓಡಿಸುವವನಿಗೆ ಲೈಸೆನ್ಸ್ ಇದೆ, ಕೆಟ್ಟರೆ ಮೆಕ್ಯಾನಿಕ್ ಇದ್ದಾನೆ. ಎತ್ತಿಗೆ? ಕಲಬುರಗಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಪಕ್ಕದ ಬೀದರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ದನಕ್ಕೆ ರೋಗ ಬಂದರೆ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನದ ವ್ಯವಸ್ಥೆಯಿದೆ. ಇವೆಲ್ಲ ಸಂತೋಷದ ಸಂಗತಿ. ಆದರೆ ಹೊಸದಾಗಿ ಹೋರಿ ಕಟ್ಟುವ ಹುಡುಗನಿಗೆ ಹಲ್ಲು ನೋಡುವುದು ಹೇಗೆ, ನೊಗದ ಅಳತೆ ಹೇಗೆ, ಮೊದಲ ಹದಿನೈದು ದಿನ ಏನು ಮಾಡಬೇಕು, ಏನು ಮಾಡಬಾರದು ಎಂದು ಬೇಸಿಗೆಯಲ್ಲಿ ಒಂದು ವಾರ ಹೇಳಿಕೊಟ್ಟರೆ ಖರ್ಚು ಎಷ್ಟಾದೀತು? ಮಾಸ್ತರರಿಗೆ ಹುಡುಕಬೇಕಾಗಿಯೂ ಇಲ್ಲ. ಹಳ್ಳಿಗೊಬ್ಬ ಕಾಕಾ ಇನ್ನೂ ಕಟ್ಟೆಯ ಮೇಲೆ ಕುಳಿತಿದ್ದಾನೆ. ಅಲ್ಲಲ್ಲಿ ಒಂದೊಂದು ಬಸವನೂ ಉಳಿದಿದೆ.

ಕಾಕಾಗಳಿಗೆ ಎಪ್ಪತ್ತು ದಾಟಿದೆ. ಬಸವನಿಗೆ ಹಲ್ಲು ಸವೆದಿವೆ. ಇನ್ನು ನಾಲ್ಕು ಮಿರಗ ಕಳೆದರೆ ಕೇಳಲು ಯಾರೂ ಇರುವುದಿಲ್ಲ. ಆಗ ಮಲಗಿದ ಹೋರಿಯನ್ನು ಎಬ್ಬಿಸುವವರು ಯಾರು? ಸಂಬಂಧಪಟ್ಟವರು ಮಲಗಿದ್ದರೆ, ಅವರನ್ನು ಎಬ್ಬಿಸುವವರು ಯಾರು?